ಪದವೀಧರರಿಗೆ ಸಂಬಳ ಕೊಡೋರು ಯಾರು? ಬ್ರಿಟನ್ನಿನ 50 ವರ್ಷದ ಯೋಜನೆಯೊಂದರ ಉತ್ತರ

ಬಜೆಟ್ ಭಾಷಣ ಇರಲಿ, ಘಟಿಕೋತ್ಸವ ಇರಲಿ, ಒಂದು ಮಾತು ತಪ್ಪದೆ ಬರುತ್ತೆ: ವಿಶ್ವವಿದ್ಯಾಲಯಗಳು ಮತ್ತು ಉದ್ಯಮಗಳು ಕೈಜೋಡಿಸಬೇಕು. ಯಾರೂ ಬೇಡ ಅನ್ನಲ್ಲ. ಎಂಒಯುಗೆ ಸಹಿ ಬೀಳುತ್ತೆ, ಶಾಲು ಹೊದಿಸ್ತಾರೆ, ಫೋಟೊ ಬರುತ್ತೆ. ಆಮೇಲೆ ಡಿಗ್ರಿ ಮುಗಿಸಿದ ಹುಡುಗ ಹುಡುಗಿಯರ ಪಾಲಿಗೆ ಏನು ಉಳಿಯುತ್ತೆ? ಎಷ್ಟೋ ಜನರಿಗೆ ಒಂದು ಇಂಟರ್ನ್‌ಶಿಪ್ ಸರ್ಟಿಫಿಕೇಟ್, ಅಷ್ಟೇ. ಅದಕ್ಕೂ ಕೈಯಿಂದಲೇ ದುಡ್ಡು ಕಟ್ಟಿದವರು ನನ್ನ ಪರಿಚಯದಲ್ಲೇ ಇದ್ದಾರೆ.

ಹಾಗಾಗಿ ಯಾರಾದರೂ 'ಕೈಜೋಡಿಸುವ' ಮಾತಾಡಿದಾಗ ನಾನು ಮೂರು ಪ್ರಶ್ನೆ ಕೇಳ್ತೇನೆ. ಪದವೀಧರರಿಗೆ ಸಂಬಳ ಕೊಡೋರು ಯಾರು? ಅವರು ಮಾಡಬೇಕಾದ ಕೆಲಸ ಏನು ಅಂತ ಎಲ್ಲಾದರೂ ಬರೆದಿದೆಯಾ? ಕಂಪನಿಯಲ್ಲಿ ತೊಂದರೆಯಾದರೆ ಅವರು ಯಾರ ಬಳಿ ಹೋಗಬೇಕು? ಈ ಮೂರಕ್ಕೂ ಸ್ಪಷ್ಟ ಉತ್ತರ ಇಟ್ಟುಕೊಂಡಿರುವ ಯೋಜನೆಯೊಂದು ಬ್ರಿಟನ್ನಿನಲ್ಲಿದೆ. ಅದನ್ನು ಅರ್ಥ ಮಾಡಿಕೊಂಡರೆ ನಮ್ಮ ಯೋಜನೆಗಳಲ್ಲಿ ಏನು ಕಾಣೆಯಾಗಿದೆ ಅನ್ನೋದೂ ಗೊತ್ತಾಗುತ್ತೆ.

ಆಸ್ಪತ್ರೆಯಿಂದ ಬಂದ ಐಡಿಯಾ

1975ರಲ್ಲಿ ಬ್ರಿಟನ್ 'ಟೀಚಿಂಗ್ ಕಂಪನಿ ಸ್ಕೀಮ್' ಶುರು ಮಾಡಿತು. ಹೆಸರಲ್ಲೇ ಐಡಿಯಾ ಇದೆ. ವೈದ್ಯಕೀಯ ವಿದ್ಯಾರ್ಥಿಗಳು ಬೋಧನಾ ಆಸ್ಪತ್ರೆಯಲ್ಲಿ ಹಿರಿಯ ವೈದ್ಯರ ಜೊತೆಗಿದ್ದು, ನಿಜವಾದ ರೋಗಿಗಳನ್ನು ನೋಡುತ್ತಾ ಕಲಿಯುತ್ತಾರೆ. ಹಾಗೆಯೇ ಎಂಜಿನಿಯರಿಂಗ್ ಪದವೀಧರರು ನಿಜವಾದ ಕಾರ್ಖಾನೆಯಲ್ಲಿ, ಪ್ರಾಧ್ಯಾಪಕರ ಜೊತೆಗಿದ್ದು ಯಾಕೆ ಕಲಿಯಬಾರದು? 2003ರಲ್ಲಿ ಇದು 'ನಾಲೆಡ್ಜ್ ಟ್ರಾನ್ಸ್‌ಫರ್ ಪಾರ್ಟ್‌ನರ್‌ಶಿಪ್', ಅಂದರೆ ಕೆಟಿಪಿ ಆಯಿತು. ಈಗ ನಡೆಸುತ್ತಿರುವುದು ಇನ್ನೋವೇಟ್ ಯುಕೆ ಎಂಬ ಸರ್ಕಾರಿ ಸಂಸ್ಥೆ.

ಇದರಲ್ಲಿ ಮೂವರು ಪಾಲುದಾರರು: ಒಂದು ಕಂಪನಿ, ಒಂದು ವಿಶ್ವವಿದ್ಯಾಲಯ ಅಥವಾ ಸಂಶೋಧನಾ ಸಂಸ್ಥೆ, ಒಬ್ಬ ಪದವೀಧರ. ಒಂದು ಬೇಕರಿ ಕಂಪನಿ ಇದೆ ಅಂದುಕೊಳ್ಳಿ. ಅದರ ಬ್ರೆಡ್ ಮೂರೇ ದಿನಕ್ಕೆ ಹಾಳಾಗ್ತಿದೆ. ಇದನ್ನು ಬಗೆಹರಿಸುವ ವಿದ್ಯೆ ಕಂಪನಿಯೊಳಗೆ ಯಾರಿಗೂ ಇಲ್ಲ, ಆದರೆ ಹತ್ತಿರದ ವಿಶ್ವವಿದ್ಯಾಲಯದ ಆಹಾರ ವಿಜ್ಞಾನ ವಿಭಾಗಕ್ಕೆ ಗೊತ್ತಿದೆ. ಇಬ್ಬರೂ ಸೇರಿ ಒಂದು ಪ್ರಾಜೆಕ್ಟ್ ಬರೆದು ಅನುದಾನಕ್ಕೆ ಅರ್ಜಿ ಹಾಕ್ತಾರೆ. ಒಪ್ಪಿಗೆ ಸಿಕ್ಕರೆ, ಆ ಪ್ರಾಜೆಕ್ಟಿಗಾಗಿಯೇ ಒಬ್ಬ ಪದವೀಧರರನ್ನು ನೇಮಿಸುತ್ತಾರೆ. ಅವಧಿ 12ರಿಂದ 36 ತಿಂಗಳು. ಕಂಪನಿ ಹೇಗೂ ಮಾಡಲೇಬೇಕಿದ್ದ ದಿನನಿತ್ಯದ ಕೆಲಸಕ್ಕೆ ಈ ಅನುದಾನ ಸಿಗಲ್ಲ. ಪ್ರಾಜೆಕ್ಟಿನಲ್ಲಿ ಹೊಸತೇನಿದೆ, ವಿಶ್ವವಿದ್ಯಾಲಯ ಯಾಕೆ ಬೇಕು ಅಂತ ಮೊದಲೇ ತೋರಿಸಬೇಕು.

ಕೆಲಸ ಕಂಪನಿಯಲ್ಲಿ, ನೇಮಕ ವಿಶ್ವವಿದ್ಯಾಲಯದಿಂದ

ನನ್ನ ಪ್ರಕಾರ ಇಡೀ ಯೋಜನೆಯ ಜೀವ ಇರೋದು ಇಲ್ಲಿ. ಪದವೀಧರರು ದಿನಾ ಹೋಗುವುದು ಕಂಪನಿಗೆ. ಆದರೆ ಸಾಮಾನ್ಯವಾಗಿ ಅವರು ವಿಶ್ವವಿದ್ಯಾಲಯದ ನೌಕರರು. ನೇಮಕಾತಿ ಪತ್ರ, ರಜೆ, ತಿಂಗಳ ಸಂಬಳ ಎಲ್ಲ ಅಲ್ಲಿಂದಲೇ. ಅವರನ್ನು ವಿದ್ಯಾರ್ಥಿ ಅಂತಲೋ ಇಂಟರ್ನ್ ಅಂತಲೋ ಕರೆಯೋದಿಲ್ಲ, 'ಅಸೋಸಿಯೇಟ್' ಅಂತಾರೆ.

ಇದರಿಂದ ಏನಾಗುತ್ತೆ? ಕಂಪನಿಯ ಮ್ಯಾನೇಜರ್ "ಆ ಬ್ರೆಡ್ ವಿಷಯ ಆಮೇಲೆ ನೋಡೋಣ, ಈಗ ಈ ಬಿಲ್ಲುಗಳನ್ನ ಎಂಟ್ರಿ ಮಾಡು" ಅಂತ ಸುಲಭವಾಗಿ ಹೇಳೋಕಾಗಲ್ಲ. ಕೆಲಸ ಏನು ಅನ್ನೋದು ಮೂವರ ಮುಂದೆಯೂ ಬರವಣಿಗೆಯಲ್ಲಿದೆ. ಪ್ರಾಧ್ಯಾಪಕರು ವಾರಕ್ಕೆ ಸುಮಾರು ಅರ್ಧ ದಿನ ಈ ಪ್ರಾಜೆಕ್ಟಿಗೆ ಕೊಡಬೇಕು. ಕೆಲವು ತಿಂಗಳಿಗೊಮ್ಮೆ ಕಂಪನಿ, ವಿಶ್ವವಿದ್ಯಾಲಯ, ಸರ್ಕಾರದ ಕಡೆಯ ಸಲಹೆಗಾರ ಮತ್ತು ಅಸೋಸಿಯೇಟ್ ಒಟ್ಟಿಗೆ ಕೂತು ಲೆಕ್ಕ ನೋಡ್ತಾರೆ. ಸುಮಾರು ಶೇ 10ರಷ್ಟು ಸಮಯ ಅಸೋಸಿಯೇಟ್‌ನ ಸ್ವಂತ ಕಲಿಕೆಗೆ ಮೀಸಲು, ತರಬೇತಿಗೆ ಪ್ರತ್ಯೇಕ ಹಣವೂ ಇದೆ.

ದುಡ್ಡಿನ ಲೆಕ್ಕಕ್ಕೆ ಬನ್ನಿ. ಸಣ್ಣ, ಮಧ್ಯಮ ಕಂಪನಿಯಾದರೆ ಸಾಮಾನ್ಯವಾಗಿ ವೆಚ್ಚದ ಮೂರನೇ ಒಂದು ಭಾಗ ಅದರದ್ದು, ಉಳಿದದ್ದು ಸಾರ್ವಜನಿಕ ಹಣ. ದೊಡ್ಡ ಕಂಪನಿಯಾದರೆ ಅರ್ಧ ಭರಿಸಬೇಕು. ಜೇಬಿನಿಂದ ದುಡ್ಡು ಹೋಗುವಾಗ ಯಾವ ಕಂಪನಿಯೂ ಆ ವ್ಯಕ್ತಿಯನ್ನ ಸುಮ್ನೆ ಮೂಲೆಯಲ್ಲಿ ಕೂರಿಸಲ್ಲ.

ನಮ್ಮಲ್ಲಿ ಹೇಗಿದೆ?

ಪದವೀಧರರನ್ನು ಕಂಪನಿಗಳಿಗೆ ಕಳಿಸುವ ಯೋಜನೆಗಳು ಭಾರತದಲ್ಲೂ ಇವೆ. 2024ರ ಕೇಂದ್ರ ಬಜೆಟ್‌ನಲ್ಲಿ ಘೋಷಣೆಯಾದ ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆಯನ್ನೇ ನೋಡಿ. ಐದು ವರ್ಷದಲ್ಲಿ 1 ಕೋಟಿ ಯುವಜನರಿಗೆ 500 ದೊಡ್ಡ ಕಂಪನಿಗಳಲ್ಲಿ ಅವಕಾಶ ಅನ್ನೋದು ಗುರಿ. ಆರಂಭದ ನಿಯಮದ ಪ್ರಕಾರ ತಿಂಗಳಿಗೆ 5,000 ರೂಪಾಯಿ. ಅದರಲ್ಲಿ 4,500 ಸರ್ಕಾರದ್ದು, 500 ಮಾತ್ರ ಕಂಪನಿಯ ಸಿಎಸ್‌ಆರ್ ನಿಧಿಯದ್ದು. ಊರು ಬಿಟ್ಟು ಬೆಂಗಳೂರಿಗೆ ಬಂದವರಿಗೆ ಇದು ಪಿಜಿ ಬಾಡಿಗೆಗೂ ಸಾಲದು. ವಿಶ್ವವಿದ್ಯಾಲಯಕ್ಕೆ ಇದರಲ್ಲಿ ಪಾಲುದಾರನ ಪಾತ್ರವೇ ಇಲ್ಲ. 500 ರೂಪಾಯಿ ಕೊಡುವ ಕಂಪನಿಗೆ ಆ ವ್ಯಕ್ತಿ ಏನು ಕಲಿತರು, ಏನು ಮಾಡಿದರು ಅನ್ನೋ ಚಿಂತೆ ಎಷ್ಟಿರುತ್ತೆ, ನೀವೇ ಹೇಳಿ.

ಇನ್ನೊಂದು, 1961ರ ಅಪ್ರೆಂಟಿಸ್ ಕಾಯ್ದೆ. ಪದವೀಧರ ಅಪ್ರೆಂಟಿಸ್‌ಗಳೂ ಇದರಡಿ ಬರ್ತಾರೆ. ಕಾಯ್ದೆಯ 18ನೇ ಸೆಕ್ಷನ್ ನೇರವಾಗಿ ಹೇಳುತ್ತೆ: ಅಪ್ರೆಂಟಿಸ್ ಅಂದರೆ ತರಬೇತಿ ಪಡೆಯುವವರು, ಕಾರ್ಮಿಕರಲ್ಲ. ಹಾಗಾಗಿ ಕಾರ್ಮಿಕ ಕಾನೂನುಗಳು ಸಾಮಾನ್ಯವಾಗಿ ಅವರಿಗೆ ಅನ್ವಯಿಸೋದಿಲ್ಲ. ಕೆಲಸ ಕಾರ್ಮಿಕನಷ್ಟೇ ಮಾಡಿದರೂ ಕಾನೂನಿನ ಕಣ್ಣಲ್ಲಿ ಇನ್ನೂ ಕಲಿಯುವವನೇ.

ಪದವೀಧರರನ್ನು ಕಂಪನಿಗೆ ಕಳಿಸೋದು ಎರಡೂ ದೇಶದಲ್ಲಿದೆ. ಒಂದು ಕಡೆ ಅವರು ಹಕ್ಕಿರುವ ನೌಕರರು, ಇನ್ನೊಂದು ಕಡೆ ಅಗ್ಗದ ಕೈಗಳು.

ಹಾಗೇ ನಕಲು ಮಾಡೋಕಾಗುತ್ತಾ?

ಆಗಲ್ಲ. ಕೆಟಿಪಿಗೂ ಮಿತಿಗಳಿವೆ. ವರ್ಷಕ್ಕೆ ಕೆಲವೇ ನೂರು ಪ್ರಾಜೆಕ್ಟುಗಳು, ಅಂದರೆ ಇದು ನಿರುದ್ಯೋಗಕ್ಕೆ ಮದ್ದಲ್ಲ. ಅವಧಿ ಮುಗಿದ ಮೇಲೆ ಕೆಲಸ ಖಾತ್ರಿ ಅಂತಲೂ ಇಲ್ಲ, ಆದರೂ ಹಲವರನ್ನು ಅದೇ ಕಂಪನಿಗಳು ಉಳಿಸಿಕೊಳ್ಳುತ್ತವೆ. ಸಾರ್ವಜನಿಕ ಹಣದಿಂದ ಖಾಸಗಿ ಲಾಭ ಯಾಕೆ ಅನ್ನೋ ಪ್ರಶ್ನೆಯೂ ನ್ಯಾಯವಾದದ್ದೇ.

ನಮ್ಮಲ್ಲಿ ಇದಕ್ಕಿಂತ ದೊಡ್ಡ ಅಡ್ಡಿ ಕಾಲೇಜಿನೊಳಗೇ ಇದೆ. ವಾರಕ್ಕೆ ಅರ್ಧ ದಿನ ಕಾರ್ಖಾನೆಗೆ ಹೋಗಬೇಕಾದ ಪ್ರಾಧ್ಯಾಪಕರು ಎಲ್ಲಿದ್ದಾರೆ? ಕರ್ನಾಟಕದ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳು ನಡೀತಿರೋದೇ ಸಾವಿರಾರು ಅತಿಥಿ ಉಪನ್ಯಾಸಕರ ಹೆಗಲ ಮೇಲೆ. ಮುಂದಿನ ವರ್ಷ ತನ್ನ ಕೆಲಸವೇ ಇರುತ್ತೋ ಇಲ್ವೋ ಅಂತ ಗೊತ್ತಿಲ್ಲದವರು ಇನ್ನೊಬ್ಬರ ಮೂರು ವರ್ಷದ ಪ್ರಾಜೆಕ್ಟಿಗೆ ಹೇಗೆ ಜವಾಬ್ದಾರರಾಗ್ತಾರೆ? ಖಾಲಿ ಹುದ್ದೆ ತುಂಬದೆ ಇನ್ನೋವೇಷನ್ ಮಾತಾಡೋದು ಬಾವಿ ತೋಡದೆ ಹಗ್ಗ ಹೊಸೆದ ಹಾಗೆ.

ಆದರೂ ಶುರು ಮಾಡೋಕೆ ಜಾಗ ಇದೆ. ಬೆಳಗಾವಿಯನ್ನೇ ತಗೊಳ್ಳಿ. ಫೌಂಡ್ರಿಗಳೂ ಅಲ್ಲೇ, ವಿಟಿಯು ಕೇಂದ್ರ ಕಚೇರಿಯೂ ಅಲ್ಲೇ. ಎರಕದಲ್ಲಿ ಹಾಳಾಗುವ ಲೋಹ ಕಡಿಮೆ ಮಾಡೋದು, ಕುಲುಮೆಯ ಕರೆಂಟ್ ಬಿಲ್ ಇಳಿಸೋದು, ಇಂಥ ಸಮಸ್ಯೆಗಳನ್ನು ಹುಡುಕಿಕೊಂಡು ದೂರ ಹೋಗಬೇಕಿಲ್ಲ. ಸಣ್ಣ ಫೌಂಡ್ರಿಯ ಮಾಲೀಕರು ಸಂಶೋಧಕರನ್ನು ಸ್ವಂತ ಖರ್ಚಲ್ಲಿ ಇಟ್ಟುಕೊಳ್ಳೋದು ಕಷ್ಟ. ಮೂರರಲ್ಲಿ ಒಂದು ಪಾಲು ಅಂದ್ರೆ ಯೋಚನೆ ಮಾಡಬಹುದು.

ಮುಂದಿನ ಸಲ ನಿಮ್ಮ ಕಾಲೇಜು ಯಾವುದೋ ಕಂಪನಿ ಜೊತೆ ಎಂಒಯು ಮಾಡಿಕೊಂಡರೆ ಅದರ ಪ್ರತಿ ಕೇಳಿ. ಸರ್ಕಾರಿ ಕಾಲೇಜಾದರೆ ಆರ್‌ಟಿಐ ಹಾಕಿ. ಸಂಬಳ ಯಾರದ್ದು, ಕೆಲಸ ಏನು, ಜವಾಬ್ದಾರಿ ಯಾರದ್ದು ಅಂತ ಹುಡುಕಿ. ಈ ಮೂರು ಸಾಲು ಅದರಲ್ಲಿ ಇಲ್ಲದಿದ್ದರೆ, ಇವನ್ನು ಸೇರಿಸಿ ಅಂತ ಒತ್ತಾಯಿಸುವ ಹಕ್ಕು ವಿದ್ಯಾರ್ಥಿಗಳಿಗಿದೆ.