ಎದೆ ಯಾಕೆ ಡವಡವ ಹೊಡೆಯುತ್ತದೆ?

ಸಂಜೆಯ ಹೊತ್ತು. ಹುಲ್ಲಿನ ಕಟ್ಟ ಹೊತ್ತುಕೊಂಡು ಅಡಿಕೆ ತೋಟದಲ್ಲಿ ಬರುತ್ತಿದ್ದೀರಿ. ಕಾಲಿನ ಹತ್ತಿರ ಏನೋ ಕಪ್ಪಗೆ, ಉದ್ದಕ್ಕೆ ಬಿದ್ದಿದೆ. ಅಯ್ಯೋ, ಹಾವು! ಒಮ್ಮೆಗೇ ಹಿಂದೆ ಹಾರುತ್ತೀರಿ. ಎದೆ ಡವಡವ. ಕೈಕಾಲು ನಡುಕ. ಬಾಯಿ ಒಣಗುತ್ತದೆ. ಸರಿಯಾಗಿ ನೋಡಿದರೆ ಅದು ನೀರಿನ ಪೈಪಿನ ತುಂಡು!

ಹಾವಲ್ಲ ಎಂದು ಗೊತ್ತಾಯಿತು. ಆದರೂ ಎದೆ ಹೊಡೆಯುತ್ತಲೇ ಇದೆ. ಯಾಕೆ?

ನಮ್ಮ ಮಿದುಳಿನ ಒಳಗೆ ಬಾದಾಮಿ ಬೀಜದ ಆಕಾರದ ಎರಡು ಸಣ್ಣ ಭಾಗಗಳಿವೆ. ಅಪಾಯ ಕಂಡರೆ ಕೂಡಲೇ ಎಚ್ಚರಿಸುವುದು ಅವುಗಳ ಕೆಲಸ. "ಹಾವೋ, ಪೈಪೋ" ಎಂದು ನಾವು ಯೋಚಿಸುವ ಮೊದಲೇ ಮೈಗೆ ಸುದ್ದಿ ಹೋಗುತ್ತದೆ.

ಮೂತ್ರಪಿಂಡಗಳ ಮೇಲೆ ಎರಡು ಗ್ರಂಥಿಗಳಿವೆ. ಸುದ್ದಿ ಬಂದ ಕೂಡಲೇ ಅವು ಅಡ್ರಿನಲಿನ್ ಎಂಬ ರಸವನ್ನು ರಕ್ತಕ್ಕೆ ಬಿಡುತ್ತವೆ. ಆಗ ಎದೆ ಜೋರಾಗಿ ಬಡಿಯುತ್ತದೆ. ಉಸಿರು ಹೆಚ್ಚುತ್ತದೆ. ಓಡಲಿಕ್ಕೆ ಬೇಕಲ್ಲ, ಅದಕ್ಕೆ ಕಾಲಿಗೆ ಹೆಚ್ಚು ರಕ್ತ ಹೋಗುತ್ತದೆ. ಹೊಟ್ಟೆಯ ಕೆಲಸ ನಿಧಾನವಾಗುತ್ತದೆ. ಆ ರಸ ಇಳಿಯುವವರೆಗೆ ನಡುಕ ನಿಲ್ಲುವುದಿಲ್ಲ.

"ಹೆಂಗಸರು ಪುಕ್ಕಲು" ಎಂದು ಕೆಲವರು ತಮಾಷೆ ಮಾಡುತ್ತಾರೆ. ಈ ಗ್ರಂಥಿಗಳು ಗಂಡಸರಿಗೂ ಇವೆ! ಹೆದರಿಕೆ ನಾಚಿಕೆಯ ವಿಷಯ ಅಲ್ಲ. ಅದು ನಮ್ಮನ್ನು ಕಾಯುವ ಕಾವಲುಗಾರ.

ಮಿದುಳು ಹೆದರಿಕೆಯನ್ನು ನೆನಪಿಟ್ಟುಕೊಳ್ಳುತ್ತದೆ. 1974ರಲ್ಲಿ ನೇತ್ರಾವತಿ ಉಕ್ಕಿ ಬಂಟ್ವಾಳ ಪೇಟೆಗೆ ನೆರೆ ನುಗ್ಗಿತು. 2019ರ ಆಗಸ್ಟ್‌ನಲ್ಲಿ ಬೆಳ್ತಂಗಡಿ ತಾಲೂಕಿನ ಚಾರ್ಮಾಡಿ, ಮಲವಂತಿಗೆ ಕಡೆ ಗುಡ್ಡ ಜರಿಯಿತು, ನೆರೆ ಬಂತು. ಅಂಥದ್ದನ್ನು ಕಂಡವರಿಗೆ ರಾತ್ರಿ ಜೋರು ಮಳೆ ಸುರಿದರೆ ಸಾಕು, ಎದೆ ಹೊಡೆಯಬಹುದು. ಅಪಾಯ ಮುಗಿದಿದೆ. ಕಾವಲುಗಾರ ಮಾತ್ರ ಇನ್ನೂ ಎಚ್ಚರವಾಗಿದ್ದಾನೆ.

ಆಗ ಏನು ಮಾಡಬೇಕು? ಕುಳಿತುಕೊಳ್ಳಿ. ಮೂಗಿನಿಂದ ನಿಧಾನವಾಗಿ ಉಸಿರು ಎಳೆಯಿರಿ. ಇನ್ನೂ ನಿಧಾನವಾಗಿ ಬಿಡಿ. ಹತ್ತು ಸಲ ಹೀಗೆ ಮಾಡಿ. ಎದೆಬಡಿತ ಮೆಲ್ಲಗೆ ಇಳಿಯುತ್ತದೆ. ಹತ್ತಿರದವರ ಜೊತೆ ಮಾತಾಡಿ.

ಆದರೆ ಎದೆ ನೋವು ಬಂದು ಮೈ ಬೆವರಿದರೆ ತಡ ಮಾಡಬೇಡಿ. ಕೂಡಲೇ ಆಸ್ಪತ್ರೆಗೆ ಹೋಗಿ.

ಕೆಲವರಿಗೆ ಕಾರಣವಿಲ್ಲದೆ ಹೆದರಿಕೆ ಬರುತ್ತದೆ. ವಾರಗಟ್ಟಲೆ ನಿದ್ದೆ ಇಲ್ಲ, ಊಟ ಸೇರುವುದಿಲ್ಲ. "ಏನೋ ಸೋಂಕು ತಾಗಿದೆ" ಎಂದು ಮನೆಯವರು ಹೇಳುತ್ತಾರೆ. ನಂಬಿಕೆ ಅವರವರದ್ದು. ಹರಕೆ ಹೇಳಿಕೊಂಡರೂ ಡಾಕ್ಟರರ ಹತ್ತಿರ ಹೋಗುವುದನ್ನು ಬಿಡಬೇಡಿ. ಇದು ಮದ್ದಿರುವ ಕಾಯಿಲೆ.

ಬಂಟ್ವಾಳ, ಬೆಳ್ತಂಗಡಿಯಲ್ಲಿ ತಾಲೂಕು ಆಸ್ಪತ್ರೆ ಇದೆ. ಮೂಡುಬಿದಿರೆಯಲ್ಲಿ ಸಮುದಾಯ ಆರೋಗ್ಯ ಕೇಂದ್ರ ಇದೆ. ಮನೆಯಿಂದಲೇ ಮಾತಾಡಬೇಕೆ? 14416ಕ್ಕೆ ಫೋನ್ ಮಾಡಿ. ಇದು 2022ರಲ್ಲಿ ಶುರುವಾದ ಸರಕಾರದ 'ಟೆಲಿ ಮಾನಸ್' ಸೇವೆ. ಹಣ ಕೊಡಬೇಕಾಗಿಲ್ಲ. ಹಗಲು ರಾತ್ರಿ ಮಾತಾಡಬಹುದು, ಕನ್ನಡದಲ್ಲೇ ಮಾತಾಡಬಹುದು.

ಅಕ್ಕ ತಂಗಿಯರೇ, ಮಾತಾಡಿಕೊಳ್ಳಿ:
1. ಹೆದರಿದಾಗ ನಿಮ್ಮ ಮೈಯಲ್ಲಿ ಏನೇನು ಆಗುತ್ತದೆ?
2. ನಿಮ್ಮ ನೆರೆಮನೆಯಲ್ಲಿ ಹೆದರಿಕೆಯಿಂದ ನಿದ್ದೆಗೆಟ್ಟವರು ಇದ್ದಾರೆಯೇ? ಅವರಿಗೆ ನೀವು ಏನು ಹೇಳುತ್ತೀರಿ?