ಪಕ್ಷ ದಾಟಿ ಹಾಕಿದ ಮತ ಕಳ್ಳ ಮತವೇ?

ಭಾರತದಲ್ಲಿ ಟಿಕೆಟ್ ಯಾರಿಗೆ ಎಂಬುದನ್ನು ಹೈಕಮಾಂಡ್ ತೀರ್ಮಾನಿಸುತ್ತದೆ. ಅಮೆರಿಕದಲ್ಲಿ ಅದು ಮತದಾರರ ಕೈಯಲ್ಲಿದೆ; ಪಕ್ಷದ ಪ್ರಾಥಮಿಕ ಚುನಾವಣೆಯಲ್ಲಿ ಅವರೇ ಅಭ್ಯರ್ಥಿಯನ್ನು ಆರಿಸುತ್ತಾರೆ. ದಕ್ಷಿಣದ ಹಲವು ರಾಜ್ಯಗಳಲ್ಲಿ ಯಾರಿಗೂ ಅರ್ಧಕ್ಕಿಂತ ಹೆಚ್ಚು ಮತ ಬೀಳದಿದ್ದರೆ, ಮೊದಲಿಬ್ಬರ ನಡುವೆ ಎರಡನೇ ಸುತ್ತು ನಡೆಯುತ್ತದೆ. ಎದುರು ಪಕ್ಷದ ಒಲವಿನವರು ಆ ಸುತ್ತಿಗೆ ಬಂದರೆ ಅಡ್ಡ ಮತದಾನದ ಕೂಗು ಏಳುತ್ತದೆ.

ಈ ಜಗಳ ಅತಿ ಜೋರಾಗಿ ನಡೆದದ್ದು 2014ರಲ್ಲಿ, ಮಿಸಿಸಿಪ್ಪಿಯಲ್ಲಿ. ಜೂನ್ 3ರ ರಿಪಬ್ಲಿಕನ್ ಸೆನೆಟ್ ಪ್ರಾಥಮಿಕದಲ್ಲಿ ಕ್ರಿಸ್ ಮ್ಯಾಕ್‌ಡೇನಿಯಲ್, ಹಾಲಿ ಸೆನೆಟರ್ ಥ್ಯಾಡ್ ಕಾಕ್ರನ್‌ಗಿಂತ ಸುಮಾರು 1,400 ಮತ ಮುಂದಿದ್ದರು. ಆದರೆ ಬಹುಮತ ಸಿಗಲಿಲ್ಲ. ಜೂನ್ 24ರ ಎರಡನೇ ಸುತ್ತಿನಲ್ಲಿ ಮೊದಲ ಸುತ್ತಿಗಿಂತ 60 ಸಾವಿರಕ್ಕೂ ಹೆಚ್ಚು ಮತಗಳು ಅಧಿಕವಾಗಿ ಬಿದ್ದವು. ಕಾಕ್ರನ್ 7,667 ಮತಗಳಿಂದ ಗೆದ್ದರು. ಡೆಮಾಕ್ರಟಿಕ್ ಒಲವಿನ ಕಪ್ಪುವರ್ಣೀಯರ ಮತಗಳೇ ಅವರನ್ನು ದಡ ಸೇರಿಸಿದವು ಎಂದು ಮ್ಯಾಕ್‌ಡೇನಿಯಲ್ ಬೆಂಬಲಿಗರು ಸಿಡಿದೆದ್ದರು. ಅಂದಿನಿಂದ ಹಬ್ಬಿದ ಕೆಲವು ನಂಬಿಕೆಗಳನ್ನು ಒಂದೊಂದಾಗಿ ನೋಡೋಣ.

ತಪ್ಪು ಕಲ್ಪನೆ: ಇದು ರಾಜ್ಯಸಭೆ ಚುನಾವಣೆಯಲ್ಲಿ ಶಾಸಕರು ಮಾಡುವ ಅಡ್ಡ ಮತದಾನದಂತೆಯೇ ಪಕ್ಷದ್ರೋಹ.

ಸತ್ಯ: ಶಾಸಕ ಪಕ್ಷದ ಚಿಹ್ನೆಯಲ್ಲಿ ಗೆದ್ದವನು, ರಾಜ್ಯಸಭೆಯ ಮತಪತ್ರವನ್ನು ಪಕ್ಷದ ಏಜೆಂಟರಿಗೆ ತೋರಿಸಿಯೇ ಹಾಕಬೇಕು. ಸಾಮಾನ್ಯ ಮತದಾರನಿಗೆ ಅಂಥ ಕಟ್ಟುಪಾಡಿಲ್ಲ. ಮಿಸಿಸಿಪ್ಪಿ, ಟೆಕ್ಸಾಸ್, ಅಲಬಾಮಾಗಳಲ್ಲಿ ಹೆಸರು ನೋಂದಾಯಿಸುವಾಗ ಪಕ್ಷವನ್ನು ಕೇಳುವುದೇ ಇಲ್ಲ. ಯಾವ ಪಕ್ಷದ ಪ್ರಾಥಮಿಕದಲ್ಲಿ ಪಾಲ್ಗೊಳ್ಳಬೇಕೆಂದು ಮತದಾರನೇ ಆರಿಸಿಕೊಳ್ಳುತ್ತಾನೆ.

ತಪ್ಪು ಕಲ್ಪನೆ: ಎರಡನೇ ಸುತ್ತಿಗಷ್ಟೇ ಬಂದು ಮತ ಹಾಕಿದವರು ಕಾನೂನು ಮುರಿದರು.

ಸತ್ಯ: ನಿಷೇಧ ಇರುವುದು ಬೇರೆಯದಕ್ಕೆ. ಜೂನ್ 3ರಂದು ಡೆಮಾಕ್ರಟಿಕ್ ಪ್ರಾಥಮಿಕದಲ್ಲಿ ಮತ ಹಾಕಿದವರು ಜೂನ್ 24ರ ರಿಪಬ್ಲಿಕನ್ ಸುತ್ತಿಗೆ ಬರುವಂತಿರಲಿಲ್ಲ. ಮೊದಲ ಸುತ್ತಿನಲ್ಲಿ ಮನೆಯಲ್ಲೇ ಉಳಿದಿದ್ದವರಿಗೆ ಅಡ್ಡಿಯಿರಲಿಲ್ಲ. ಟೆಕ್ಸಾಸ್‌ನಲ್ಲೂ ಇದೇ ಪದ್ಧತಿ. ಅಲಬಾಮಾ 2017ರಲ್ಲಿ ಇಂಥ ನಿಷೇಧಕ್ಕೆ ಕಾನೂನು ತಂದು, ಅದೇ ವರ್ಷ ರಿಪಬ್ಲಿಕನ್ ಸೆನೆಟ್ ಟಿಕೆಟ್‌ಗಾಗಿ ರಾಯ್ ಮೂರ್–ಲೂಥರ್ ಸ್ಟ್ರೇಂಜ್ ನಡುವೆ ನಡೆದ ಎರಡನೇ ಸುತ್ತಿನಲ್ಲಿ ಜಾರಿಗೊಳಿಸಿತು.

ತಪ್ಪು ಕಲ್ಪನೆ: ನವೆಂಬರ್‌ನ ಅಂತಿಮ ಚುನಾವಣೆಯಲ್ಲಿ ರಿಪಬ್ಲಿಕನ್ ಪಕ್ಷವನ್ನು ಬೆಂಬಲಿಸದವರನ್ನು ಮತಗಟ್ಟೆಯಲ್ಲೇ ತಡೆಯಬಹುದಿತ್ತು.

ಸತ್ಯ: ಪ್ರಾಥಮಿಕದಲ್ಲಿ ಗೆದ್ದವರನ್ನು ಬೆಂಬಲಿಸುವ ಉದ್ದೇಶ ಇರಬೇಕು ಎಂದು ಮಿಸಿಸಿಪ್ಪಿ ಕಾನೂನಿನಲ್ಲಿ ಬರೆದಿರುವುದು ನಿಜ. ಆದರೆ ಉದ್ದೇಶವನ್ನು ಅಳೆಯುವವರು ಯಾರು? ಬೆಂಬಲಿಸುವುದಿಲ್ಲವೆಂದು ಮತದಾರ ತಾನಾಗಿ ಬಾಯಿಬಿಟ್ಟು ಹೇಳದ ಹೊರತು ತಡೆಯುವಂತಿಲ್ಲ ಎಂಬುದು ರಾಜ್ಯದ ಅಟಾರ್ನಿ ಜನರಲ್ ಕಚೇರಿಯ ಅಭಿಪ್ರಾಯವಾಗಿತ್ತು. ಮತ ಗುಪ್ತವಾಗಿರುವ ಕಡೆ ಮನಸ್ಸನ್ನು ತಪಾಸಣೆ ಮಾಡಲು ಹೊರಟರೆ, ಅದು ಬೆದರಿಕೆಗೇ ದಾರಿ.

ತಪ್ಪು ಕಲ್ಪನೆ: ಅಡ್ಡ ಮತ ಹಾಕುವವರ ಗುರಿ ಎದುರು ಪಕ್ಷವನ್ನು ಕೆಡಿಸುವುದು.

ಸತ್ಯ: ಅಂಥ ಕರೆಗಳು ಬಂದದ್ದುಂಟು. 2008ರಲ್ಲಿ ರೇಡಿಯೊ ನಿರೂಪಕ ರಶ್ ಲಿಂಬಾ, ಡೆಮಾಕ್ರಟಿಕ್ ಪೈಪೋಟಿ ಎಳೆದಾಡಲಿ ಎಂದು ರಿಪಬ್ಲಿಕನ್ನರಿಗೆ ಹಿಲರಿ ಕ್ಲಿಂಟನ್‌ರಿಗೆ ಮತ ಹಾಕಲು ಹೇಳಿದ್ದರು. ಆದರೆ ಮಿಸಿಸಿಪ್ಪಿಯ ಲೆಕ್ಕ ಬೇರೆ. ಕೆಡಿಸುವ ಉದ್ದೇಶವಿದ್ದಿದ್ದರೆ ನವೆಂಬರ್‌ನಲ್ಲಿ ಸೋಲಿಸಲು ಸುಲಭವಾದವರನ್ನು ಆರಿಸಬೇಕಿತ್ತು. ಅವರು ಆರಿಸಿದ್ದು ರಾಜ್ಯಕ್ಕೆ ಕೇಂದ್ರದ ಹಣ ತರುವ ಹಳೆಯ ಹುಲಿಯನ್ನು. ಕಾಕ್ರನ್ ನವೆಂಬರ್‌ನಲ್ಲಿ ಸುಮಾರು ಶೇ 60 ಮತ ಪಡೆದು ಗೆದ್ದರು. ರಿಪಬ್ಲಿಕನ್ ಬಿಗಿಹಿಡಿತದ ರಾಜ್ಯದಲ್ಲಿ ನಿಜವಾದ ಆಯ್ಕೆ ನಡೆಯುವುದೇ ಆ ಪಕ್ಷದ ಪ್ರಾಥಮಿಕದಲ್ಲಿ. ಅಲ್ಲಿಗೆ ಹೋಗಿ ತಮ್ಮ ಪ್ರತಿನಿಧಿಯನ್ನು ಆರಿಸಿಕೊಂಡದ್ದು ಸಂಚಲ್ಲ, ವಿವೇಕ.

ತಪ್ಪು ಕಲ್ಪನೆ: ಅಡ್ಡ ಮತ ಸರಿಯೆಂದು ನ್ಯಾಯಾಲಯ 2014ರಲ್ಲಿ ತೀರ್ಪು ಕೊಟ್ಟಿತು.

ಸತ್ಯ: ಕಾಕ್ರನ್ ಪರ ವಾದಿಸುವವರು ಮಾಡುವ ತಪ್ಪು ಇದು. ಮ್ಯಾಕ್‌ಡೇನಿಯಲ್ ಪಕ್ಷದ ಸಮಿತಿಗೆ ದೂರು ಕೊಟ್ಟದ್ದು ಮತದಾನದ 41 ದಿನಗಳ ನಂತರ. 20 ದಿನಗಳ ಗಡುವು ಮೀರಿದೆ ಎಂದು ನ್ಯಾಯಾಧೀಶರು ಅರ್ಜಿ ವಜಾ ಮಾಡಿದರು. ಅಕ್ಟೋಬರ್‌ನಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಮತಗಳ ಸಾಚಾತನದ ವಿಚಾರಣೆ ನಡೆಯಲೇ ಇಲ್ಲ.

ಅಡ್ಡ ಮತದ ಈ ಕೂಗಿನ ಹಿಂದೊಂದು ಕಹಿ ಇತಿಹಾಸವಿದೆ. ದಕ್ಷಿಣದ ರಾಜ್ಯಗಳಲ್ಲಿ ಪ್ರಾಥಮಿಕ ಚುನಾವಣೆಯನ್ನು ಬಿಳಿಯರಿಗೆ ಮಾತ್ರ ಮೀಸಲಿಡುವ ಪದ್ಧತಿಯಿತ್ತು. ಅಮೆರಿಕದ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿದ್ದು 1944ರಲ್ಲಿ. ಆ ನೆಲದಲ್ಲಿ ಕಪ್ಪುವರ್ಣೀಯರ ಮತವನ್ನು ‘ನುಸುಳುವಿಕೆ’ ಎನ್ನುವ ಮುನ್ನ ಯಾರಾದರೂ ಎರಡು ಸಲ ಯೋಚಿಸಬೇಕು.

ಹೊರಗಿನವರು ಬೇಡ ಎನ್ನುವ ಪಕ್ಷಕ್ಕೂ ಹಕ್ಕಿದೆ. ಪಕ್ಷದ ಒಪ್ಪಿಗೆಯಿಲ್ಲದೆ ಎಲ್ಲರಿಗೂ ಬಾಗಿಲು ತೆರೆದಿದ್ದ ಕ್ಯಾಲಿಫೋರ್ನಿಯಾದ ಪದ್ಧತಿಯನ್ನು ಸುಪ್ರೀಂ ಕೋರ್ಟ್ 2000ದಲ್ಲಿ ತಳ್ಳಿಹಾಕಿತು. ಫ್ಲಾರಿಡಾದಂಥ ರಾಜ್ಯಗಳಲ್ಲಿ ಆಯಾ ಪಕ್ಷದಲ್ಲಿ ನೋಂದಾಯಿಸಿಕೊಂಡವರಿಗಷ್ಟೇ ಅವಕಾಶ. ನಿಯಮ ಬೇಕಾದರೆ ಚುನಾವಣೆಗೆ ಮೊದಲು ಬದಲಿಸಲಿ. ಸೋತ ಮೇಲೆ ಮತದಾರನನ್ನು ಕಳ್ಳ ಎನ್ನುವುದು ಅನ್ಯಾಯ. ಅಮೆರಿಕದ ಪೌರತ್ವ ಪಡೆದ ಕನ್ನಡಿಗರೇ, ನಿಯಮ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಮೊದಲ ಸುತ್ತಿನಲ್ಲಿ ಯಾವ ಪಕ್ಷದ ಮತಪತ್ರ ಕೇಳಿದ್ದಿರಿ ಎಂಬುದನ್ನು ನೆನಪಿಟ್ಟುಕೊಂಡು, ನಿಮ್ಮ ರಾಜ್ಯದ ಚುನಾವಣಾ ಕಚೇರಿಯಲ್ಲಿ ವಿಚಾರಿಸಿ, ಎರಡನೇ ಸುತ್ತಿಗೆ ಧೈರ್ಯವಾಗಿ ಹೋಗಿ.