ಶಲ್ಯವಿಚಾರ: ದೂಷಿತವಾದ ಕೃತಕಧಮನಿಯೂ ಪ್ರಾಣಿಜ ಪಟಲವೂ

ಶಲ್ಯವೆಂದರೆ ಬಾಣದ ಮೊನೆಯೆಂದೇ ಕಾವ್ಯಪಾಠದಲ್ಲಿ ಸಾಮಾನ್ಯವಾಗಿ ಅರ್ಥಹೇಳುವುದುಂಟು. ಸುಶ್ರುತಸಂಹಿತೆಯಲ್ಲಿಯಾದರೋ ಶರೀರಕ್ಕೂ ಮನಸ್ಸಿಗೂ ಬಾಧೆಯನ್ನುಂಟುಮಾಡತಕ್ಕ ವಸ್ತುವೆಲ್ಲವೂ ಶಲ್ಯವೇ. ಈ ವ್ಯಾಪಕಾರ್ಥವನ್ನು ಹಿಡಿದರೆ ಇಂದಿನ ಶಸ್ತ್ರವೈದ್ಯದ ಒಂದು ಕಠಿನ ಪ್ರಸಂಗವು ಸುಲಭವಾಗಿ ಮನದಟ್ಟಾಗುವುದು.

ನಮ್ಮ ರಾಮನಾಥಪುರವು ಕಾವೇರೀತೀರದ ಕ್ಷೇತ್ರವಾಗಿರುವಂತೆಯೇ ಹೊಗೆಸೊಪ್ಪಿನ ಹರಾಜಿನ ಸ್ಥಳವೂ ಆಗಿದೆ. ಆ ಸೊಪ್ಪಿನ ಧೂಮಪಾನವು ಧಮನಿಗಳ ಭಿತ್ತಿಯನ್ನು ಕೆಡಿಸುವ ಕಾರಣಗಳಲ್ಲಿ ಪ್ರಧಾನವಾದುದು. ಉದರದಲ್ಲಿಳಿಯುವ ಮಹಾಧಮನಿಯು ಉಬ್ಬಿ ಒಡೆಯುವಂತಾದರೆ, ಅಥವಾ ಮುಚ್ಚಿಹೋದರೆ, ಡೇಕ್ರಾನ್ ಎಂಬ ಕೃತಕ ನೂಲಿನ ಕೊಳವೆಯನ್ನು ಅಲ್ಲಿ ಹೊಲಿದು ಸೇರಿಸುವರು. 1950ರ ದಶಕದಿಂದ ರೂಢವಾದ ಈ ಕ್ರಮವು ಅನೇಕರ ಪ್ರಾಣವನ್ನುಳಿಸಿದೆ. ಆದರೆ ನೂರರಲ್ಲಿ ಕೆಲವರಿಗೆ, ಒಮ್ಮೊಮ್ಮೆ ವರ್ಷಗಳು ಕಳೆದಮೇಲೆ, ರೋಗಾಣುಗಳು ಆ ನೆಯ್ಗೆಯನ್ನಾಶ್ರಯಿಸಿ ಲೋಳೆಯ ಪೊರೆಯನ್ನು ಕಟ್ಟಿಕೊಳ್ಳುವುವು. ಔಷಧವು ಅದರೊಳಗೆ ಚೆನ್ನಾಗಿ ಪ್ರವೇಶಿಸದು. ಹೊಲಿಗೆ ಸಡಿಲಿದರೆ ರಕ್ತಸ್ರಾವದಿಂದ ಮರಣವೇ ಸರಿ. ಪ್ರಾಣವನ್ನುಳಿಸಿದ ಕೊಳವೆಯೇ ಶಲ್ಯವಾಯಿತು! ಧೂಳು, ರೋಮ, ನಖ, ಅಲುಗುವ ಎಲುಬು ಇವುಗಳನ್ನು ತೆಗೆಯದೆ ಬಿಟ್ಟರೆ ವ್ರಣವು ಪಾಕಗೊಳ್ಳುವುದೆಂದು ಸೂತ್ರಸ್ಥಾನದಲ್ಲಿ ಎಚ್ಚರಿಸಿರುವುದಷ್ಟೆ.

ಆದುದರಿಂದ ಕೊಳವೆಯನ್ನು ತೆಗೆಯಬೇಕು. ಆ ಎಡೆಯನ್ನು ಬರಿದಾಗಿ ಬಿಡುವಂತಿಲ್ಲ. ರೋಗಿಯ ತೊಡೆಯ ಸಿರೆಯನ್ನೇ ಬಿಡಿಸಿ ಹೊಲಿಯಬಹುದು. ಅದಕ್ಕೆ ಬಹಳ ಹೊತ್ತು ಬೇಕು, ಬಳಲಿದವನು ತಾಳಲಾರನು. ಮೃತಮಾನವನ ಧಮನಿಯು ಎಲ್ಲೆಡೆಯೂ ದೊರೆಯದು. ಔಷಧದಲ್ಲಿ ನೆನೆಸಿದ ಬಟ್ಟೆಯೂ ಬಟ್ಟೆಯೇ. ಆಗ ಒದಗುವುದು ದನದ ಹೃದಯಾವರಣ. ಗ್ಲುಟರಾಲ್ಡಿಹೈಡ್ ಎಂಬ ದ್ರವದಲ್ಲಿ ಸಂಸ್ಕರಿಸಿದಾಗ ಅದರ ಜೀವಕೋಶಗಳು ಸತ್ತು, ತಂತುಗಳು ಒಂದಕ್ಕೊಂದು ಬಿಗಿದುಕೊಳ್ಳುವುವು. ರೋಗಿಯ ದೇಹವು ಅದನ್ನು ಅಷ್ಟಾಗಿ ಪ್ರತಿಭಟಿಸದು. ವೈದ್ಯನು ಬೇಕಾದ ಅಳತೆಗೆ ಕತ್ತರಿಸಿ, ಸುರುಳಿಮಾಡಿ, ಅಂಚುಗಳನ್ನು ಹೊಲಿದು ಕೊಳವೆಯನ್ನು ಅಲ್ಲಿಯೇ ರಚಿಸುವನು. ಸೋಂಕು ಮರುಕಳಿಸುವುದು ವಿರಳವೆಂದು ವೈದ್ಯರ ಅನುಭವ. ದೀರ್ಘಕಾಲದ ಔಷಧಸೇವನೆ ಮಾತ್ರ ತಪ್ಪದು; ಕಾಲಕ್ರಮದಲ್ಲಿ ಪಟಲದಲ್ಲಿ ಸುಣ್ಣವು ಕಟ್ಟುವ ಭಯವೂ ಉಂಟು.

ಪ್ರಾಣಿಜವಸ್ತುವಿನಿಂದ ಸಂಧಾನಮಾಡುವುದು ನಮ್ಮ ಶಾಸ್ತ್ರಕ್ಕೆ ಅಪರಿಚಿತವಲ್ಲ. ಸೀವನಕ್ಕೆ ನಾರು, ನೂಲುಗಳೊಡನೆ ಸ್ನಾಯುವನ್ನೂ ಕೂದಲನ್ನೂ ಸುಶ್ರುತನು ಹೇಳಿರುವನು. ಛಿದ್ರೋದರದಲ್ಲಿ ಕರಿಯ ಇರುವೆಗಳಿಂದ ಕರುಳಿನ ತೂತನ್ನು ಕಚ್ಚಿಸಿ, ಅವುಗಳ ಒಡಲನ್ನು ಕಿತ್ತು, ತಲೆಗಳನ್ನು ಒಳಗೇ ಉಳಿಸುವ ವಿಧಿಯೂ ಇದೆ. ಇಷ್ಟರಿಂದ ಕೃತಕಧಮನಿಯೂ ಪ್ರಾಚೀನರಿಗೆ ತಿಳಿದಿತ್ತೆಂದು ಸಾಧಿಸಹೊರಡುವುದು ಪಾಂಡಿತ್ಯವಲ್ಲ.

ಪರಿಭಾಷೆಯಲ್ಲಿ ಒಂದು ಧರ್ಮಸಂಕಟವಿದೆ. ಈ ಪಟಲವನ್ನು ‘ಗವ್ಯ’ವೆಂದು ಕರೆಯಲು ವ್ಯಾಕರಣದ ಅಡ್ಡಿಯಿಲ್ಲ, ಆದರೆ ಪಂಚಗವ್ಯವನ್ನು ಬಲ್ಲವನು ಅದನ್ನು ಬದುಕಿರುವ ಹಸುವಿನಿಂದ ದೊರೆತುದೆಂದು ಭಾವಿಸುವನು. ‘ಜೈವಿಕ’ವೆಂದರಂತೂ ಪ್ರಾಣಿಯೇ ಮರೆಯಾಗುವುದು. ರೋಗಿಯ ಒಪ್ಪಿಗೆಪತ್ರದಲ್ಲಿ ‘ಕಡಿದ ದನದ ಹೃದಯದ ಮೇಲಣ ಪೊರೆ’ ಎಂದೇ ಬರೆಯತಕ್ಕದ್ದು. ಕೇಳಿ ಒಪ್ಪುವವನು ಒಪ್ಪಲಿ. ಒಲ್ಲದವನು ತನ್ನ ಸಿರೆಯ ಮಾರ್ಗವನ್ನು ವಿಚಾರಿಸಲಿ. ರಕ್ತಸ್ರಾವವು ತೊಡಗಿದಮೇಲೆ ಇದಕ್ಕೆ ಅವಕಾಶವಿರದು. ಸೋಂಕಿನ ಶಂಕೆ ಹುಟ್ಟಿದ ದಿನವೇ ಕೇಳಬೇಕು.